ಒಂದು ಮಗ್ಗುಲಿಗೆ ಒಂದು ತಲೆ

ಹಳೆಯ ಹಾಡಿನ ತಟ್ಟೆಗಳ ಮಾತು ಬಂದರೆ ಸಾಕು, ಊರಿನವರ ಬೆರಳು ತಾನಾಗಿ ಸೇತುವೆ ಪಕ್ಕದ ಸಲೂನಿನ ಕಡೆ ತಿರುಗುತ್ತಿತ್ತು. ಎರಡು ಮೆಟ್ಟಿಲು, ಒಂದು ಗಾಜಿನ ಬಾಗಿಲು, ಒಳಗೆ ತೋಳಿನ ಚರ್ಮ ಬಿರುಕು ಬಿಟ್ಟ ಒಂದೇ ಒಂದು ಕುರ್ಚಿ, ಮೂಲೆಯಲ್ಲಿ ಕಂದು ಚುಕ್ಕೆ ಎದ್ದ ಕನ್ನಡಿ. ಎದುರು ಗೋಡೆಗೆ ನೆಲದಿಂದ ಕಿಟಕಿಯ ತನಕ ಮರದ ಕಪಾಟು, ಅದರ ತುಂಬ ತಟ್ಟೆಗಳು. ಪಕ್ಕದ ಸ್ಟೂಲಿನ ಮೇಲೆ, ಮುಚ್ಚಳ ಯಾವ ಕಾಲದಲ್ಲೋ ಕಳೆದುಹೋದ ಪ್ಲೇಯರು. ಇಷ್ಟಕ್ಕೂ ಒಡೆಯನಾದ ಕ್ಷೌರಿಕನನ್ನು ಊರು ಪ್ಲೇಟಣ್ಣ ಎಂದು ಕರೆಯುತ್ತಿತ್ತು.

ಗಿರಾಕಿ ಕುರ್ಚಿಯಲ್ಲಿ ಕೂತನೆಂದರೆ ಪ್ಲೇಟಣ್ಣ ಮೊದಲು ಅವನ ತಲೆ ನೋಡುತ್ತಿದ್ದ, ಆಮೇಲೆ ಕಪಾಟು ನೋಡುತ್ತಿದ್ದ. ಬಿಳಿ ಬಟ್ಟೆ ಹೊದಿಸಿ, ಕುತ್ತಿಗೆಗೆ ಪಿನ್ನು ಸಿಕ್ಕಿಸಿ, ತಟ್ಟೆಯೊಂದನ್ನು ಎಳೆದು ಅಂಗಿಯ ತೋಳಿನಿಂದಲೇ ಒರೆಸಿ ಮುಳ್ಳು ಇಟ್ಟ ಮೇಲಷ್ಟೇ ಕತ್ತರಿಗೆ ಕೈ. "ತಲೆ ನೋಡಿ ಹಾಡು ಆರಿಸ್ತಾನೆ ಕಣ್ರೀ, ಮನುಷ್ಯನ ಸ್ವಭಾವಾನೇ ಹಿಡಿದುಬಿಡ್ತಾನೆ" ಎಂದು ಗಿರಾಕಿಗಳು ಬೇರೆ ಊರಿನ ನೆಂಟರಿಗೆ ಹೇಳಿಕೊಂಡು ಬೀಗುತ್ತಿದ್ದರು. ಇಂಥ ರಸಿಕ ಕ್ಷೌರಿಕ ನಿಮ್ಮೂರಲ್ಲಿ ಇದ್ದಾನಾ ಎಂದು ಕೇಳುತ್ತಿದ್ದರು. ಇಲ್ಲ ಎಂದೇ ಉತ್ತರ ಬರುತ್ತಿತ್ತು.

ಸ್ವಭಾವವೂ ಇಲ್ಲ, ರಸಿಕತೆಯೂ ಇಲ್ಲ. ಅವನು ನೋಡುತ್ತಿದ್ದುದು ತಲೆಯ ಮೇಲೆ ಕೂದಲೆಷ್ಟು ಎಂಬುದನ್ನು. ಚಿಕ್ಕ ತಟ್ಟೆಗಳು ಗಡ್ಡಕ್ಕೆ, ಮಕ್ಕಳ ತಲೆಗೆ ಮತ್ತು ಬೊಕ್ಕ ತಲೆಯವರ ಸಮಾಧಾನಕ್ಕೆ. ದೊಡ್ಡ ತಟ್ಟೆಗಳಲ್ಲಿ ಒಂದು ಮಗ್ಗುಲಿಗೆ ಒಂದು ತಲೆ. ಹಾಡಿದವರು ಯಾರು ಎಂದು ಯಾರಾದರೂ ಕೇಳಿದರೆ ಪ್ಲೇಟಣ್ಣ ಕನ್ನಡಿ ಒರೆಸಲು ಶುರು ಮಾಡುತ್ತಿದ್ದ. ಒಂದು ತಟ್ಟೆಯ ಹೆಸರೂ ಅವನಿಗೆ ಗೊತ್ತಿರಲಿಲ್ಲ. "ಮೂಲೆ ಹರಿದದ್ದು", "ಹಸಿರು ಬಣ್ಣದ್ದು", "ಟೀ ಕಲೆಯದ್ದು" ಎಂಬುವೇ ಅವನ ವಿಳಾಸಗಳು.

ಇದಕ್ಕೆಲ್ಲ ಕಾರಣ ಅವನ ಸೋದರಮಾವ. ಮೀಸೆ ಚಿಗುರುವ ಕಾಲಕ್ಕೆ ಪ್ಲೇಟಣ್ಣ ಇದೇ ಅಂಗಡಿಯಲ್ಲಿ ಮಾವನ ಕೈಕೆಳಗೆ ಕೆಲಸ ಕಲಿಯಲು ನಿಂತವನು. ಕೈ ಚುರುಕು, ಕಣ್ಣು ಚುರುಕು, ಆದರೆ ನಿಲ್ಲಿಸುವುದು ಮಾತ್ರ ಬಾರದು. ಬಲಗಡೆ ಕತ್ತರಿಸಿದರೆ ಎಡಗಡೆ ಉದ್ದ ಕಾಣುವುದು, ಎಡಗಡೆ ಇಳಿಸಿದರೆ ಬಲಗಡೆ ಉದ್ದ ಕಾಣುವುದು. ಸಮ ಮಾಡುತ್ತ ಮಾಡುತ್ತ ಗಿರಾಕಿಯ ತಲೆಯಲ್ಲಿ ಸಮ ಮಾಡಲು ಏನೂ ಉಳಿಯುತ್ತಿರಲಿಲ್ಲ. ಮಾವ ಬೈದು ನೋಡಿದ, ತಲೆಗೆ ಮೊಟಕಿ ನೋಡಿದ. ಕೊನೆಗೊಂದು ದಿನ ಎಲ್ಲಿಂದಲೋ ಪ್ಲೇಯರು ತಂದು ತಟ್ಟೆ ಹಾಕಿ, "ನೋಡು, ಇದು ಮುಗಿದು ಟಕ್ ಟಕ್ ಅಂತ ಬಡ್ಕೊಳ್ಳೋಕೆ ಶುರು ಮಾಡಿದ ಕೂಡಲೇ ಕತ್ತರಿ ಕೆಳಗಿಡಬೇಕು. ಒಂದು ಕೂದಲು ಉದ್ದ ಇರಲಿ, ಒಂದು ಗಿಡ್ಡ ಇರಲಿ, ನಿನ್ನಪ್ಪನ ಗಂಟೇನು ಹೋಗಲ್ಲ" ಎಂದ.

ಅಂದಿನಿಂದ ಪ್ಲೇಟಣ್ಣನ ಕೈ ಹದಕ್ಕೆ ಬಂತು. ಮಾವ ಹೋದ ಮೇಲೆ ಅಂಗಡಿ ಅವನದಾಯಿತು. ಅಷ್ಟರಲ್ಲಿ ತಟ್ಟೆ ಯಾಕೆ ಬಂತೆಂಬುದು ಅವನಿಗೇ ಮರೆತುಹೋಗಿತ್ತು. ದಿನ ಬೆಳಗಾದರೆ ಹತ್ತು ಜನ ಬಂದು "ನಿನ್ನಂಥ ಸಂಗೀತಪ್ರೇಮಿ ಇಲ್ಲ" ಎಂದು ಹೇಳುತ್ತಿದ್ದರೆ ಯಾರಾದರೂ ನಂಬಿಬಿಡುತ್ತಾರೆ, ಅವನೂ ನಂಬಿದ. ಹಾಡು ಬಂದಾಗ ಕಣ್ಣು ಅರೆ ಮುಚ್ಚುವುದನ್ನು, ತಲೆದೂಗುವುದನ್ನು ಅಭ್ಯಾಸ ಮಾಡಿಕೊಂಡ. ಕೈಯಲ್ಲಿ ಕತ್ತರಿ ಹಿಡಿದವನು ಕಣ್ಣು ಮುಚ್ಚಿದರೆ ಗಿರಾಕಿಗೆ ಎದೆ ಧಸಕ್ಕೆನ್ನುತ್ತದೆಂಬುದು ಬೇರೆ ಮಾತು.

ಆ ತಟ್ಟೆಗಳಲ್ಲೆಲ್ಲ ಹೆಚ್ಚು ದುಡಿದದ್ದು ಟೀ ಕಲೆಯದ್ದು. ಆಫೀಸಿಗೆ ಹೋಗುವ ಗಂಡಸಿನ ಸಾಧಾರಣ ತಲೆಗೆ ಅಳತೆ ಕೊಟ್ಟು ಹೊಲಿಸಿದಂತೆ ಅದರ ಮೊದಲನೆಯ ಮಗ್ಗುಲು ಹೊಂದುತ್ತಿತ್ತು. ಮೊದಲ ಹಾಡಿಗೆ ಕತ್ತಿನ ಹಿಂಭಾಗ, ಎರಡನೆಯದಕ್ಕೆ ಬಲಗಿವಿ, ಮೂರನೆಯದಕ್ಕೆ ಎಡಗಿವಿ, ನಾಲ್ಕನೆಯದಕ್ಕೆ ನೆತ್ತಿ. ಆಮೇಲೆ ಟಕ್ ಟಕ್. ಪ್ಲೇಟಣ್ಣನ ಮಗಳು ನಾಲ್ಕೈದು ವರ್ಷದವಳಿದ್ದಾಗ ಅದನ್ನು ಬಾಚಣಿಗೆಯ ಹಲ್ಲಿನಿಂದ ಹಾಡಿಸಲು ಹೋಗಿ ಗೆರೆ ಎಳೆದುಬಿಟ್ಟಿದ್ದಳು. ಅಂದಿನಿಂದ ಮೂರನೆಯ ಹಾಡು ಆರಂಭದಲ್ಲೇ ಎಡವಿ ಕೊನೆಗೆ ಹಾರುತ್ತಿತ್ತು. ಹಾಡು ಹಾರಿದ ಮೇಲೆ ಎಡಗಿವಿಯ ಪಾಲು ಅಷ್ಟೇ. ಹೀಗಾಗಿ ಊರಿನ ಅರ್ಧದಷ್ಟು ನೌಕರವರ್ಗ ಎಡಗಿವಿಯ ಮೇಲೆ ಪುಟ್ಟದೊಂದು ಕುಚ್ಚು ಇಟ್ಟುಕೊಂಡು ತಿರುಗುತ್ತಿತ್ತು. ಅದು ಈ ಅಂಗಡಿಯ ಶೈಲಿ ಎಂದು ಜನ ತಿಳಿದರು. ಅಲ್ಲ ಎಂದು ಹೇಳಲು ಪ್ಲೇಟಣ್ಣನಿಗೇನು ಹುಚ್ಚೇ?

ಮಗಳು ಬೆಳೆದಳು. ಅಂಗಡಿಯ ಬೆಂಚಿನ ಮೇಲೆ ಕೂತು ಶಾಲೆಯ ಪಾಠ ಬರೆದವಳು, ಅದೇ ಬೆಂಚಿನ ಮೇಲೆ ಊಟ ಮಾಡಿ ನಿದ್ದೆಹೋದವಳು, ದೊಡ್ಡ ಊರಿಗೆ ಹೋಗಿ ಕೂದಲಿನ ಕೆಲಸ ಕಲಿತು, ಚೀಲದ ತುಂಬ ಮಿಷನ್ನುಗಳನ್ನು ತುಂಬಿಕೊಂಡು ಬಂದಳು. ಹೆಂಗಸರ ತಲೆ, ಗಂಡಸರ ತಲೆ ಎಂಬ ಭೇದವಿಲ್ಲದೆ ಎಲ್ಲವನ್ನೂ ಚೆನ್ನಾಗಿ ಮಾಡುತ್ತಿದ್ದಳು. ಕೆಲಸ ಮಾಡುವಾಗ ತುಟಿ ಮುಚ್ಚಿ ಏನೋ ಗುನುಗುವ ಅಭ್ಯಾಸ ಅವಳಿಗೆ. ಮಿಷನ್ನಿನ ಗೊರ್ ಸದ್ದಿನಲ್ಲಿ ಅದು ಯಾರಿಗೂ ಕೇಳಿಸುತ್ತಿರಲಿಲ್ಲ. ಬಂದ ವಾರವೇ ಅವಳ ಕಣ್ಣು ಕಪಾಟಿನ ಮೇಲೆ ಬಿತ್ತು.

"ಅಪ್ಪಾ, ಈ ಕಪಾಟು ತೆಗೆದ್ರೆ ಇನ್ನೊಂದು ಕುರ್ಚಿ, ತಲೆ ತೊಳೆಯೋ ಬೇಸಿನ್ನು ಎರಡೂ ಹಿಡಿಸುತ್ತೆ."

"ತಟ್ಟೆಗಳು?"

"ತಟ್ಟೆ ಎಲ್ಲಿಗೆ ಹೋಗುತ್ತೆ? ಎಲ್ಲಾ ಇದರೊಳಗೆ ಬಂದು ಕೂತ್ಕೊಳ್ಳುತ್ತೆ" ಎಂದು ಅವಳು ಅಂಗೈಯಲ್ಲಿದ್ದ ಫೋನನ್ನು ತೋರಿಸಿದಳು. ಅಂಗೈಯಷ್ಟೂ ಇಲ್ಲದ ಅದನ್ನು, ಆಳೆತ್ತರದ ಕಪಾಟನ್ನು ಪ್ಲೇಟಣ್ಣ ಒಂದೆರಡು ಸಲ ನೋಡಿದ. ಒಬ್ಬಳೇ ಮಗಳು, ಅವಳು ಕೇಳಿದ್ದಕ್ಕೆ ಇಲ್ಲ ಎಂದು ಅವನ ನಾಲಿಗೆ ಯಾವತ್ತೂ ಹೊರಳಿದ್ದಿಲ್ಲ.

ಸುದ್ದಿ ಹಳೆಯ ತಟ್ಟೆಗಳ ಅಭಿಮಾನಿ ಸಂಘದ ಅಧ್ಯಕ್ಷರ ಕಿವಿಗೆ ಬಿತ್ತು. ಇವರೊಬ್ಬರು ಹೇಳಿಕೊಳ್ಳಬೇಕಾದ ಮನುಷ್ಯ. ದೊಡ್ಡ ಹುದ್ದೆಯಿಂದ ನಿವೃತ್ತರು, ಭುಜ ಮುಟ್ಟುವ ಬೆಳ್ಳಿ ಕೂದಲಿನವರು, ಮನೆಯ ಮೂರು ಕೋಣೆ ತಟ್ಟೆ ತುಂಬಿಸಿ ತಾವು ಮತ್ತು ಹೆಂಡತಿ ನಾಲ್ಕನೆಯದರಲ್ಲಿ ಒತ್ತಿಕೊಂಡು ಇರುವವರು. ಒಂದು ತಟ್ಟೆಯನ್ನೂ ಅವರು ಹಾಡಿಸಿದವರಲ್ಲ. ಹಾಡಿಸಿದರೆ ಸವೆಯುತ್ತದೆ, ಸವೆದರೆ ಬೆಲೆ ಇಳಿಯುತ್ತದೆ, ಹಾಗಾಗಿ ಪ್ರೀತಿಯಿದ್ದವರು ಹಾಡಿಸಬಾರದು ಎಂಬುದು ಅವರ ಸಿದ್ಧಾಂತ. ಸಂಗೀತ ಕೇಳಬೇಕೆನಿಸಿದರೆ ಕಿವಿಗೆ ಬಿಳಿ ಗುಂಡಿ ತುರುಕಿಕೊಂಡು ಫೋನಿನಲ್ಲಿ ಕೇಳುತ್ತಿದ್ದರು. ನಮ್ಮ ನಿಮ್ಮಂಥವರಿಗೆ ಇದು ಅರ್ಥವಾಗದಿದ್ದರೆ ಅದು ನಮ್ಮ ತಪ್ಪು.

"ಪ್ಲೇಟಣ್ಣಾ, ಇಷ್ಟು ವರ್ಷ ದಿನಾ ಹಾಡಿಸಿ ಹಾಡಿಸಿ ಇವುಗಳ ಜೀವ ತೆಗೆದಿದ್ದೀಯ. ಹೋಗ್ಲಿ ಬಿಡು. ಸಂಘ ಒಂದು ತಟ್ಟೆಮನೆ ಮಾಡ್ತಿದೆ. ಕೊಟ್ಟುಬಿಡು, ಗಾಜಿನ ಬೀರುವಿನಲ್ಲಿ ನಿನ್ನ ಹೆಸರು ಬರೆದು ಇಡ್ತೀವಿ. ಹಾಡನ್ನೆಲ್ಲ ತೆಗೆದು ನಿನ್ನ ಮಗಳ ಫೋನಿಗೆ ಹಾಕಿಕೊಡ್ತೀವಿ."

ಹಾಗೇ ಆಯಿತು. ವ್ಯಾನು ಬಂತು, ಕಪಾಟು ಬರಿದಾಯಿತು, ಅದರ ಜಾಗಕ್ಕೆ ಮಗಳ ಕುರ್ಚಿ, ಬೇಸಿನ್ನು ಬಂದವು. ಕೆಲವು ದಿನ ಬಿಟ್ಟು ಹಾಡುಗಳು ಫೋನಿಗೆ ಬಂದವು. ಸಂಘದವರು ಮುತುವರ್ಜಿಯಿಂದ ಕೆಲಸ ಮಾಡಿದ್ದರು. ಕರಕರ ಸದ್ದನ್ನು ತೊಳೆದು ತೆಗೆದಿದ್ದರು. ಮುಳ್ಳು ಹಾರುತ್ತಿದ್ದ ಕಡೆಯಲ್ಲೆಲ್ಲ ಬೇರೆ ಪ್ರತಿಯಿಂದ ತಂದು ತೇಪೆ ಹಾಕಿದ್ದರು. ಕೊನೆಯ ಟಕ್ ಟಕ್ ಅನ್ನು ಕಸವೆಂದು ಕತ್ತರಿಸಿ ಎಸೆದಿದ್ದರು. ಯಾವ ತಟ್ಟೆಯ ಹಾಡು ಯಾವುದು ಎಂಬ ಗೊಡವೆಯೇ ಬೇಡವೆಂದು ಎಲ್ಲವನ್ನೂ ಅಕಾರಾದಿಯಾಗಿ ಸಾಲು ಹಚ್ಚಿದ್ದರು. ಒಂದು ಸಲ ಒತ್ತಿದರೆ ಬೆಳಗಿನಿಂದ ಸಂಜೆಯವರೆಗೆ ತಡೆಯಿಲ್ಲದೆ ಹಾಡುತ್ತಲೇ ಇರುತ್ತದೆ ಎಂದು ಅಧ್ಯಕ್ಷರು ಹೆಮ್ಮೆಯಿಂದ ಹೇಳಿದರು.

ಅದೇ ಎಡವಟ್ಟಾಯಿತು.

ಮೊದಲ ಬಲಿ ಔಷಧದಂಗಡಿಯವನು. ಅವನು ಬಿಳಿ ಬಟ್ಟೆ ಹೊದ್ದ ಕೂಡಲೇ ತೂಕಡಿಸುವ ಪೈಕಿ. ಪ್ಲೇಟಣ್ಣ ಕಣ್ಣು ಅರೆಮುಚ್ಚಿ, ತಲೆದೂಗಿ, ಕೆಲಸ ಶುರು ಮಾಡಿದ. ಬಲಗಡೆ ಇಳಿಸಿದ, ಎಡಗಡೆ ಉದ್ದ ಕಂಡಿತು. ಎಡಗಡೆ ಇಳಿಸಿದ, ಬಲಗಡೆ ಉದ್ದ ಕಂಡಿತು. ಹಾಡಿನ ಹಿಂದೆ ಹಾಡು ಬರುತ್ತಲೇ ಇತ್ತು. ಹಾಡು ಇರುವ ತನಕ ಕತ್ತರಿಯೂ ಇತ್ತು. ಔಷಧದಂಗಡಿಯವನು ಎಚ್ಚರಾಗಿ ಕನ್ನಡಿ ನೋಡಿದಾಗ ಅದರೊಳಗೆ ಜೈಲಿನಿಂದ ಆಗಷ್ಟೇ ಬಿಟ್ಟವನೊಬ್ಬ ಕೂತಿದ್ದ.

ಎರಡನೆಯವರು ಅಂಚೆ ಕಚೇರಿಯ ಗುಮಾಸ್ತರು, ಮೂರನೆಯವರು ಕವಾಯತಿನ ಮೇಷ್ಟ್ರು. ಮೇಷ್ಟ್ರಿಗೆ ಅದು ಒಪ್ಪಿತು, ಗುಮಾಸ್ತರಿಗೆ ಒಪ್ಪಲಿಲ್ಲ. ಗುಮಾಸ್ತರ ಹೆಂಡತಿ ಅಂಗಡಿಗೇ ಬಂದು, "ಇವರನ್ನ ಕಳಿಸಿದ್ದು ಕೂದಲು ತೆಗೆಸೋಕೆ ಹೊರತು ಸಿಪ್ಪೆ ತೆಗೆಸೋಕಲ್ಲ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ ಹೋದಳು. ಗಿರಾಕಿಗಳು ಮಗಳ ಕುರ್ಚಿಗೆ ಸಾಲು ನಿಂತರು. ಪ್ಲೇಟಣ್ಣನ ಕುರ್ಚಿ ಖಾಲಿ ಬಿತ್ತು. ಪ್ಲೇಟಣ್ಣ ಕರೆದರೆ "ನಾನು ಸ್ವಲ್ಪ ಕಾಯ್ತೀನಿ" ಎಂದು ಬೆಂಚಿನ ಮೇಲೆ ಕೂರುತ್ತಿದ್ದರು, ಅಷ್ಟೆ.

ಆ ಮೂರು ಪದ ಅವನನ್ನು ತಿಂದುಹಾಕಿದವು. ವಯಸ್ಸಾಯಿತು, ಕಣ್ಣು ಹೋಯಿತು, ಕೈ ಹೋಯಿತು ಎಂದು ಅವನು ತೀರ್ಮಾನಿಸಿಬಿಟ್ಟ. ಕನ್ನಡಕದಂಗಡಿಗೆ ಹೋಗಿ ಕಣ್ಣು ತೋರಿಸಿದ, ಕಣ್ಣು ನೆಟ್ಟಗಿತ್ತು. ಹಾಗಾದರೆ ಕೈಯೇ ಇರಬೇಕೆಂದು ಅಂಗೈ ಬಿಡಿಸಿ ಬಿಡಿಸಿ ನೋಡಿದ. ಕೈ ನಡುಗುತ್ತಲೂ ಇರಲಿಲ್ಲ. ನಡುಗಿದ್ದರಾದರೂ ಒಂದು ಸಮಾಧಾನವಿರುತ್ತಿತ್ತು.

ತಿಂಗಳ ಕೊನೆಗೆ ಮಗಳು ಬಾಗಿಲ ಫಲಕ ತಿರುಗಿಸಿ, ಟೀ ತರಿಸಿ, ಅವನ ಎದುರು ಕೂತಳು.

"ಅಪ್ಪಾ, ಬೇಜಾರು ಮಾಡ್ಕೋಬೇಡಿ. ಎಷ್ಟು ವರ್ಷ ಅಂತ ನಿಂತೇ ಇರ್ತೀರಾ? ಮುಂದಿನ ತಿಂಗಳ ಕೊನೆವರೆಗೆ ನೋಡೋಣ. ಆಮೇಲೆ ನಿಮ್ಮ ಕುರ್ಚಿಗೆ ಬೇರೆಯವರನ್ನ ಹಾಕ್ತೀನಿ. ನೀವು ಮನೇಲಿ ಆರಾಮಾಗಿರಿ."

ಅವಳ ದನಿಯಲ್ಲಿ ಪ್ರೀತಿಯಿತ್ತು. ಅದಕ್ಕೇ ಅವನಿಗೆ ಜಗಳ ಕಾಯಲು ಆಗಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು, "ಆರಾಮ ನಿಮಗೆ. ದಿನವಿಡೀ ನಿಮ್ಮ ಮುಖ ನೋಡ್ಕೊಂಡು ಕೂತಿರೋಳು ನಾನು" ಎಂದಳು. ತಮಾಷೆಗೆ ಅಂದದ್ದೇ. ಆದರೂ ಪ್ಲೇಟಣ್ಣ ಅರ್ಧ ಊಟಕ್ಕೇ ಕೈ ತೊಳೆದು ಎದ್ದ. ನಿಂತು ಮಾಡುವ ಕೆಲಸವೊಂದೇ ಅವನಿಗೆ ಗೊತ್ತಿದ್ದದ್ದು. ಕೂತರೆ ತಾನು ಯಾರು ಎಂದು ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ತಟ್ಟೆಮನೆಯ ಉದ್ಘಾಟನೆ ಬಂತು. ಪ್ಲೇಟಣ್ಣನಿಗೆ ಮುಂದಿನಿಂದ ಎರಡನೆಯ ಸಾಲು. ತಣ್ಣನೆ ಗಾಳಿ ಬಿಡುವ ಯಂತ್ರ, ಬೀಗ ಹಾಕಿದ ಗಾಜಿನ ಬೀರುಗಳು, ಮುಟ್ಟಬಾರದು ಎಂಬ ಫಲಕ. ಪಕ್ಕದಲ್ಲಿ ಒಂದು ಚೌಕಾಕಾರದ ಚಿತ್ರ, ಅದಕ್ಕೆ ಫೋನು ಹಿಡಿದರೆ ಹಾಡು ಫೋನಿನಲ್ಲೇ ಕೇಳಿಸುತ್ತದೆ. ತಟ್ಟೆಗಳು ಎಂದೂ ಹಾಡದಂತೆ ನೋಡಿಕೊಳ್ಳಲು ಎಷ್ಟೆಲ್ಲ ಏರ್ಪಾಡು! ಆದರೂ ಶಾಸ್ತ್ರಕ್ಕೆಂದು ಆ ದಿನ ಒಂದು ಮಗ್ಗುಲು ಹಾಡಿಸುವುದೆಂದು ಗೊತ್ತಾಗಿತ್ತು. ಅಧ್ಯಕ್ಷರು ಬಿಳಿ ಕೈಗವಸು ತೊಟ್ಟು ಆರಿಸಿದ್ದು ಟೀ ಕಲೆಯದ್ದನ್ನು. ಆ ಕಲೆ ಫೋಟೋದಲ್ಲಿ ಬಹಳ ಐತಿಹಾಸಿಕವಾಗಿ ಕಾಣುತ್ತದಂತೆ. ಮುಳ್ಳಿಟ್ಟು, ಫೋಟೋ ತೆಗೆಸಿಕೊಂಡು, ಅವರು ತಡವಾಗಿ ಬಂದ ಅತಿಥಿಗಳನ್ನು ಎದುರುಗೊಳ್ಳಲು ಬಾಗಿಲಿಗೆ ಓಡಿದರು. ಹಾಡು ಮುಗಿಯುವ ತನಕ ಒಳಗೆ ಬರಲಿಲ್ಲ.

ಕರ್ ಎಂದಿತು. ಪ್ಲೇಟಣ್ಣನ ಬೆನ್ನು ನೆಟ್ಟಗಾಯಿತು. ಎದುರು ಸಾಲಿನಲ್ಲಿ ಯಾರದೋ ಸಾಧಾರಣ ತಲೆ ಇತ್ತು, ಕೂದಲು ಸ್ವಲ್ಪ ಬೆಳೆದಿತ್ತು. ಅವನ ಬಲಗೈಯ ಬೆರಳುಗಳು ತೊಡೆಯ ಮೇಲೆ ತಾವಾಗಿ ಆಡತೊಡಗಿದವು. ಮೊದಲ ಹಾಡಿಗೆ ಆ ಮನುಷ್ಯನ ಕತ್ತು ಮುಗಿಯಿತು, ಎರಡನೆಯದಕ್ಕೆ ಬಲಗಿವಿ. ಮೂರನೆಯದು ಎಡವಿ ಹಾರಿದಾಗ ಸಭೆ "ಅಯ್ಯೋ" ಎಂದಿತು, ಪ್ಲೇಟಣ್ಣನ ಬೆರಳುಗಳೂ ಹಾರಿ ನೆತ್ತಿಗೆ ಹೋದವು. ನಾಲ್ಕನೆಯದು ಮುಗಿದು ಟಕ್ ಟಕ್ ಎನ್ನುತ್ತಿದ್ದಂತೆ ಕೈ ಮಡಿಲಿಗೆ ಬಿತ್ತು. ಎದುರಿನ ತಲೆ, ಮನಸ್ಸಿನಲ್ಲಿ ಮಾಡಿದ ಕೆಲಸವಾದರೂ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತ್ತು. ಮಾವನ ಬೈಗುಳ ಕಿವಿಯಲ್ಲೇ ಹೇಳಿದಂತೆ ನೆನಪಾಯಿತು. ತುಂಬಿದ ಸಭೆಯಲ್ಲಿ ಪ್ಲೇಟಣ್ಣನ ಕಣ್ಣಲ್ಲಿ ನೀರು ಬಂತು. ಪಕ್ಕದವರು ಅದನ್ನು ನೋಡಿ, "ಎಂಥಾ ರಸಿಕ!" ಎಂದು ಒಬ್ಬರಿಗೊಬ್ಬರು ಪಿಸುಗುಟ್ಟಿದರು.

ಸಭೆ ಮುಗಿದ ಮೇಲೆ ಅವನು ಅಧ್ಯಕ್ಷರ ಬೆನ್ನು ಹತ್ತಿದ. "ಸಾರ್, ಅದೊಂದನ್ನ ವಾಪಸ್ ಕೊಡಿ. ಟೀ ಕಲೇದು ಒಂದು ಸಾಕು."

"ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರೇನಪ್ಪಾ? ಗಾಜಿನ ಮೇಲೆ ನಿನ್ನ ಹೆಸರು ಬರೆಸಿಯಾಗಿದೆ. ಅಲ್ಲದೆ ಹಾಡು ನಿನ್ನ ಹತ್ತಿರಾನೇ ಇದೆಯಲ್ಲ, ಇದಕ್ಕಿಂತ ಚೊಕ್ಕವಾಗಿ!"

ಆ ತಟ್ಟೆ ಇಲ್ಲದೆ ತನ್ನ ಕೈ ನಿಲ್ಲುವುದಿಲ್ಲ ಎಂದು ಮಗಳಿಗೆ ಹೇಳಿದ. ಅವಳು ಮೊದಲು ನಕ್ಕಳು, ಆಮೇಲೆ ಅಪ್ಪನ ಮುಖ ನೋಡಿ ನಗು ನುಂಗಿದಳು. "ಟೈಮ್ ತಾನೇ ನಿಮಗೆ ಬೇಕಾಗಿರೋದು? ಅದಕ್ಕೇನಂತೆ" ಎಂದು ಫೋನಿನಲ್ಲಿ ಗಂಟೆ ಇಟ್ಟುಕೊಟ್ಟಳು. ಸಿಕ್ಕಿದ ಒಬ್ಬ ಪರಊರಿನ ಗಿರಾಕಿಯ ಮೇಲೆ ಪ್ರಯೋಗವಾಯಿತು. ಗಂಟೆ ಬಡಿದಾಗ ಪ್ಲೇಟಣ್ಣ ಇನ್ನೂ ಬಲಗಿವಿಯ ಹತ್ತಿರವೇ ಇದ್ದ. ಮುಗಿಯಿತು ಎಂದು ಗಂಟೆ ಹೇಳುತ್ತದೆ, ಎಲ್ಲಿದ್ದೀಯ ಎಂದು ಹೇಳುವುದಿಲ್ಲವಲ್ಲ. ಪರಊರಿನವನು ಅರ್ಧ ಕಾಡು, ಅರ್ಧ ಬಯಲಾಗಿ ಎದ್ದು, ಮಗಳ ಕುರ್ಚಿಗೆ ಹೋಗಿ ಕೂತ.

"ಹಾಗಿದ್ರೆ ಆ ನಾಲ್ಕು ಹಾಡು ಹುಡುಕಿ ಸಾಲಾಗಿ ಹಾಕೋಣ. ಯಾವ ಹಾಡು ಹೇಳಿ?" ಎಂದಳು ಮಗಳು.

ಪ್ಲೇಟಣ್ಣ ಕನ್ನಡಿ ಒರೆಸಲು ಬಟ್ಟೆ ಹುಡುಕಿದ. "ನಂಗೆಲ್ಲಿ ಗೊತ್ತು? ನಿಂಗೆ ನೆನಪಿಲ್ವಾ? ಹುಟ್ಟಿದಾಗಿಂದ ಕೇಳಿದ್ದೀಯ."

"ನಂಗೆ ಆ ಹಳೇ ಹಾಡು ಒಂದೂ ಗೊತ್ತಿಲ್ಲಪ್ಪಾ. ಯಾವತ್ತೂ ಕಿವಿಗೇ ಹಾಕ್ಕೊಂಡಿಲ್ಲ."

ಅಕಾರಾದಿಯ ಸಾಲಿನಲ್ಲಿ ಹಾಡುಗಳು ಸಾವಿರವಿದ್ದವು. ಅಪ್ಪ ಮಗಳು ಎರಡು ಸಂಜೆ ಒಂದೊಂದಾಗಿ ಕೇಳುತ್ತ ಕೂತರು. ಹುಡುಕಲು ಹೊರಟವನಿಗೆ ಒಂದೊಂದು ಹಾಡೂ ಅದೇ ಇರಬಹುದು ಎನ್ನಿಸಿತು. ತೊಳೆದು ಚೊಕ್ಕ ಮಾಡಿದ ಮೇಲೆ ಎಲ್ಲವೂ ಅವನಿಗೆ ಒಂದೇ ತರ ಕೇಳಿಸುತ್ತಿದ್ದವು. ಮೂರನೆಯ ಸಂಜೆ ಅವನೇ "ಸಾಕು ಬಿಡು" ಎಂದ.

ತಿಂಗಳ ಕೊನೆಯ ವಾರ. ಭಾನುವಾರ ಮಧ್ಯಾಹ್ನ ಅಂಗಡಿಗೆ ಅರ್ಧ ಬಾಗಿಲು. ಪ್ಲೇಟಣ್ಣ ತನ್ನ ಕತ್ತರಿಗಳಿಗೆ ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿ ಜೋಡಿಸುತ್ತಿದ್ದ. ಮಗಳು ಸ್ವಲ್ಪ ಹೊತ್ತು ನೋಡಿದಳು. ನೋಡಲಾಗದೆ, "ಬನ್ನಿ, ಕೂತ್ಕೊಳ್ಳಿ. ಊರಿಗೆಲ್ಲಾ ಕಟಿಂಗ್ ಮಾಡಿ ನಿಮ್ಮ ತಲೆ ಹೇಗಾಗಿದೆ ನೋಡಿ, ಪೊರಕೆ ತರ" ಎಂದಳು.

ಅವನು ತನ್ನದೇ ಕುರ್ಚಿಯಲ್ಲಿ ಮೊದಲ ಸಲ ಗಿರಾಕಿಯಂತೆ ಕೂತ. ತೋಳಿನ ಬಿರುಕು ಮೊಣಕೈಗೆ ಚುಚ್ಚಿತು. ಇಷ್ಟು ವರ್ಷ ಗಿರಾಕಿಗಳು ಇದನ್ನು ಬಾಯಿಬಿಟ್ಟು ಹೇಳಲಿಲ್ಲವಲ್ಲ ಎಂದುಕೊಂಡ. ಮಗಳು ಬಟ್ಟೆ ಹೊದಿಸಿದಳು. ಫೋನು ಮೂಲೆಯಲ್ಲಿ ಕರೆಂಟು ಕುಡಿಯುತ್ತಿತ್ತು, ಮಿಷನ್ನಿಗೂ ಚಾರ್ಜ್ ಇರಲಿಲ್ಲ. ಅಪ್ಪ ಸುತ್ತಿಟ್ಟ ಕತ್ತರಿಯನ್ನೇ ಬಿಚ್ಚಿ ತೆಗೆದುಕೊಂಡಳು. ಅಂಗಡಿಯಲ್ಲಿ ಕತ್ತರಿಯ ಕಚಕಚ ಶುರುವಾಯಿತು. ಅವನು ಕಣ್ಣು ಮುಚ್ಚಿದ. ಈ ಸಲ ರಸಿಕತೆಗಲ್ಲ, ಕನ್ನಡಿಯಲ್ಲಿ ತನ್ನ ಮುಖ ನೋಡಲು ಮನಸ್ಸಿಲ್ಲದೆ.

ಮಗಳು ಎಂದಿನಂತೆ ತುಟಿ ಮುಚ್ಚಿ ಗುನುಗುತ್ತಿದ್ದಳು. ಮಿಷನ್ನಿಲ್ಲದ್ದರಿಂದ ಮೊದಲ ಸಲ ಅದು ಕೇಳಿಸುತ್ತಿತ್ತು. ಪ್ಲೇಟಣ್ಣ ಅತ್ತ ಗಮನ ಕೊಟ್ಟಿರಲಿಲ್ಲ. ಕತ್ತಿನ ಹಿಂಭಾಗ ಮುಗಿಯಿತು, ಬಲಗಿವಿ ಮುಗಿಯಿತು. ಎಡಗಿವಿಯ ಹತ್ತಿರ ಬಂದು ಸ್ವಲ್ಪ ಕತ್ತರಿಸಿದವಳು ಗುನುಗುವುದರ ನಡುವೆ ಚಕ್ಕನೆ ಎಡವಿ, ಎಲ್ಲಿಂದೆಲ್ಲಿಗೋ ಹಾರಿ, ನೆತ್ತಿಗೆ ಹೋದಳು. ಪ್ಲೇಟಣ್ಣ ಕಣ್ಣು ಬಿಟ್ಟ. ನೆತ್ತಿ ಮುಗಿಯಿತು, ಗುನುಗು ನಿಂತಿತು. ಮಗಳು ಬಾಚಣಿಗೆಯಿಂದ ಕತ್ತರಿಯ ಮೇಲೆ ಟಕ್ ಟಕ್ ಎಂದು ಬಡಿದು ಎರಡನ್ನೂ ಕೆಳಗಿಟ್ಟಳು.

"ಆಯ್ತು, ಏಳಿ" ಎಂದಳು.

"ಎಡಗಿವಿ ಮೇಲೆ ಉಳಿದಿದೆ" ಎಂದ ಅವನು.

"ಎಲ್ಲಿ ಉಳಿದಿದೆ? ಏನೂ ಉಳಿದಿಲ್ಲ" ಎಂದು ಬಗ್ಗಿ ಕನ್ನಡಿ ನೋಡಿದಳು. ಪುಟ್ಟದೊಂದು ಕುಚ್ಚು ಅಲ್ಲಿ ನೆಟ್ಟಗೆ ನಿಂತಿತ್ತು. ಅವಳು ಅದನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ಅಪ್ಪನ ಮುಖ ನೋಡಿದಳು. "ಅಯ್ಯೋ, ಬಾಚಣಿಗೆ" ಎಂದವಳೇ ಪಕ್ಕದ ಕುರ್ಚಿಯಲ್ಲಿ ಕುಸಿದು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಅತ್ತಳು. ದೊಡ್ಡ ಊರಿನಲ್ಲಿ ಕಲಿತದ್ದೆಂದು ಅವಳು ತಿಳಿದಿದ್ದ ಕೈಯ ಹದ ಎಲ್ಲಿಂದ ಬಂದದ್ದೆಂದು ಅವಳಿಗೆ ಅಲ್ಲಿಯ ತನಕ ಹೊಳೆದಿರಲಿಲ್ಲ.

ಮರುದಿನ ಬೆಳಗ್ಗೆ ಮೊದಲು ಬಂದ ಗಿರಾಕಿ ಯಾರಿರಬೇಕು? ಅಧ್ಯಕ್ಷರು! ತಟ್ಟೆಮನೆಯ ಬಗ್ಗೆ ಬರೆಯಲು ಪತ್ರಿಕೆಯವರು ಸಂಜೆ ಬರುವವರಿದ್ದರು. ಬೆಳ್ಳಿ ಕೂದಲನ್ನು ಭುಜದಿಂದ ಕಿವಿಯ ತನಕ, ಗೌರವದಿಂದ ಇಳಿಸಬೇಕಿತ್ತು. ಪ್ಲೇಟಣ್ಣನ ಈಚಿನ ಖ್ಯಾತಿ ಅವರ ಕಿವಿಗೂ ಬಿದ್ದಿತ್ತು. ಬೇಸಿನ್ನು ತೊಳೆಯುತ್ತಿದ್ದ ಮಗಳ ಕಡೆ ಸೀದಾ ನಡೆದು, "ನಾನು ಸ್ವಲ್ಪ ಕಾಯ್ತೀನಿ" ಎಂದರು.

"ಕಾಯೋದೇನೂ ಬೇಡ ಸಾರ್, ಅಲ್ಲಿ ಕೂತ್ಕೊಳ್ಳಿ. ಅಪ್ಪ ಖಾಲಿ ಇದ್ದಾರೆ" ಎಂದಳು ಮಗಳು. ಅವಳ ಮಾತಿನ ಬಿಗಿಗೆ ಅಧ್ಯಕ್ಷರು ತಬ್ಬಿಬ್ಬಾಗಿ ಬಿರುಕಿನ ಕುರ್ಚಿಯಲ್ಲಿ ಕೂತರು. ಪ್ಲೇಟಣ್ಣ ಅವರ ತಲೆ ನೋಡಿದ. ಊರಿನಲ್ಲೇ ಹೆಸರಾದ ತಲೆ. ಇದು ಕೆಟ್ಟರೆ ತಿಂಗಳ ಕೊನೆಯ ತನಕ ಕಾಯುವ ಅಗತ್ಯವೂ ಇರುವುದಿಲ್ಲ, ಇವತ್ತೇ ಮನೆಗೆ ಹೋಗಬಹುದು. ಅಭ್ಯಾಸಬಲದಿಂದ ಕಪಾಟಿದ್ದ ಕಡೆ ತಿರುಗಿದ. ಅಲ್ಲಿ ಬೇಸಿನ್ನಿಗೆ ಒರಗಿ ಮಗಳು ಕೈಕಟ್ಟಿ ನಿಂತಿದ್ದಳು. ಮಿಷನ್ನುಗಳ ಪ್ಲಗ್ಗು ಕಿತ್ತಿದ್ದಳು, ಫೋನು ಆರಿಸಿದ್ದಳು. ತಲೆಯಾಡಿಸಿ, ಗಟ್ಟಿಯಾಗಿಯೇ ಗುನುಗಲು ಶುರು ಮಾಡಿದಳು.

ಪ್ಲೇಟಣ್ಣನ ಕೈ ಮೊದಲ ಹಾಡಿನಲ್ಲಿ ತುಸು ಅಂಜಿತು, ಎರಡನೆಯದರಲ್ಲಿ ಸರಾಗವಾಯಿತು. ಬೆಳ್ಳಿ ಎಳೆಗಳು ನೆಲಕ್ಕೆ ಬಿದ್ದವು. ಮೂರನೆಯದು ಎಡವಿತು, ಹಾರಿತು. ಅವಳು ಬೇಕೆಂದೇ ಹಾರಿಸಿದಳೋ, ಬೇರೆ ತರ ಹಾಡಲು ಬರದೆ ಹಾರಿಸಿದಳೋ ಅವಳಿಗೇ ಗೊತ್ತಿರಲಿಕ್ಕಿಲ್ಲ. ನಾಲ್ಕನೆಯದು ಮುಗಿದು, ಬೇಸಿನ್ನಿನ ಅಂಚಿನ ಮೇಲೆ ಅವಳ ಉಂಗುರ ಟಕ್ ಟಕ್ ಎಂದಿತು. ಅದೇ ಕ್ಷಣ ಬಲಗಡೆಗಿಂತ ಎಡಗಡೆ ತುಸು ಉದ್ದವೆಂದು ಪ್ಲೇಟಣ್ಣನಿಗೆ ಕಂಡಿತು. ಕಂಡರೂ ಕತ್ತರಿ ಕೆಳಗಿಟ್ಟ.

ಅಧ್ಯಕ್ಷರು ಕನ್ನಡಿಯಲ್ಲಿ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಬಹಳ ಹೊತ್ತು ನೋಡಿದರು.

"ಭೇಷ್" ಎಂದರು ಕೊನೆಗೆ. "ಜನ ಏನೇನೋ ಅಂತಾರೆ, ಕೈಯಲ್ಲಿ ಇನ್ನೂ ಕಸುಬಿದೆ." ಎದ್ದು ಅಂಗಿ ಕೊಡವಿಕೊಳ್ಳುತ್ತ ಮಗಳ ಕಡೆ ತಿರುಗಿದರು. "ಅದೇನಮ್ಮ ನೀನು ಹಾಡ್ತಿದ್ದಿದ್ದು? ಬಹಳ ಸೊಗಸಾಗಿದೆ. ನಾನಂತೂ ಎಲ್ಲೂ ಕೇಳಿಲ್ಲ. ಯಾರದ್ದು?"

ಮಗಳು ಅಪ್ಪನ ಮುಖ ನೋಡಿದಳು. ಅಪ್ಪ ಕನ್ನಡಿ ಒರೆಸಲು ಬಟ್ಟೆ ಎತ್ತಿಕೊಂಡ.

"ಯಾರದ್ದೋ ನಮಗೂ ಗೊತ್ತಿಲ್ಲ ಸಾರ್" ಎಂದ. "ತಟ್ಟೆ ನಿಮ್ಮ ಬೀರುವಿನಲ್ಲೇ ಇದೆ."

"ಹೌದಾ! ಆದ್ರೂ ಅದನ್ನ ಹೊರಗೆ ತೆಗೆಯೋ ಹಾಗಿಲ್ಲವಲ್ಲ. ಒಂದು ಕೆಲಸ ಮಾಡು, ಫೋನಲ್ಲಿ ಕಳಿಸಿಬಿಡು."

"ಇದು ಕಳಿಸೋಕೆ ಬರಲ್ಲ ಸಾರ್. ಕೂದಲು ಬೆಳೆದ ಮೇಲೆ ಬಂದು ಕೂತ್ಕೊಳ್ಳಿ."

ಅಧ್ಯಕ್ಷರು ತಮಾಷೆಯೆಂದು ತಿಳಿದು ಗಟ್ಟಿಯಾಗಿ ನಕ್ಕರು. ಕಿವಿಗೆ ಬಿಳಿ ಗುಂಡಿ ತುರುಕಿಕೊಂಡು, ಎಡಗಿವಿಯ ಮೇಲೆ ಬೆಳ್ಳಿಯದೊಂದು ಪುಟ್ಟ ಕುಚ್ಚು ಹೊತ್ತುಕೊಂಡು, ಪತ್ರಿಕೆಯವರಿಗೆ ಫೋಟೋ ಕೊಡಲು ಮೆಟ್ಟಿಲಿಳಿದು ಹೋದರು. ಪ್ಲೇಟಣ್ಣ ಬಿಳಿ ಬಟ್ಟೆ ಕೊಡವಿ, ಅಷ್ಟರಲ್ಲಿ ಬಂದು ಬೆಂಚಿನ ಮೇಲೆ ಕಾಯುತ್ತಿದ್ದ ಅಂಚೆ ಗುಮಾಸ್ತರನ್ನು ತನ್ನ ಕುರ್ಚಿಗೆ ಕರೆದ.